ಗೋಣಿಚೀಲ ಕೇಳಿದರೆ ಶಾಲು

ನಮ್ಮ ಕಡೆ ಯಾರಿಗಾದರೂ ಏನಾದರೂ ಬೇಕಾಗಿದೆ ಎಂದರೆ ಮೊದಲು ಅವರಿಗೊಂದು ಶಾಲು ಹೊದಿಸುತ್ತೇವೆ. ನಿವೃತ್ತನಾದವನಿಗೆ ಶಾಲು, ಪಾಸಾದವನಿಗೆ ಶಾಲು, ರಸ್ತೆ ಮಾಡಿಸಿಕೊಡುತ್ತೇನೆಂದು ಹೇಳಿಹೋದವನಿಗೂ ಶಾಲು. ಕಲಬುರಗಿಯ ಬಿಸಿಲಿನಲ್ಲಿ ಇಷ್ಟೊಂದು ಶಾಲು ಏಕೆ ಎಂದು ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ. ನನಗೆ ಒಂದೂ ಬಂದಿರಲಿಲ್ಲ, ಅಷ್ಟೇ.

ಶರಣಬಸವೇಶ್ವರ ಗುಡಿಯಿಂದ ಸ್ವಲ್ಪವೇ ದೂರ ಇರುವ ನಮ್ಮ ಓಣಿಯಲ್ಲಿ ಒಂದು ಕರಿ ನಾಯಿ ಇತ್ತು. ನಮ್ಮ ಮನೆಯಲ್ಲಿ ಮಿಕ್ಕ ರೊಟ್ಟಿ ತಿಂದೇ ಬೆಳೆದದ್ದು. ಬೆಳಿಗ್ಗೆ ಹಾಲಿಗೆ ಹೊರಟರೆ ಅಂಗಡಿಯವರೆಗೂ ಜೊತೆಗೆ ಬರುತ್ತಿತ್ತು. ಕಳೆದ ಚಳಿಗಾಲದಲ್ಲಿ ಓಣಿಯ ಸಾಹುಕಾರರ ಟೆಂಪೊ ಹಿಂದಕ್ಕೆ ಬರುವಾಗ ಅದರ ಹಿಂಗಾಲು ಮುರಿಯಿತು. ಸಾಹುಕಾರರಿಗೆ ನೆಹರು ಗಂಜ್ ಮಾರುಕಟ್ಟೆಯಲ್ಲಿ ತೊಗರಿ ವ್ಯಾಪಾರ. ಟೆಂಪೊ ಯಾರದೆಂದು ಓಣಿಗೆಲ್ಲ ಗೊತ್ತು, ಬಾಯಿಬಿಟ್ಟು ಹೇಳಿದವರಿಲ್ಲ. ನಾನಂತೂ ಆ ಹೊತ್ತಿಗೆ ಕನ್ನಡಕ ಒರೆಸಿಕೊಳ್ಳುತ್ತಿದ್ದೆ.

ನಾಯಿಯನ್ನು ಆಟೊದಲ್ಲಿ ಹಾಕಿಕೊಂಡು ಕಮಲಾಪುರಕ್ಕೆ ಒಯ್ದೆ. ಅಲ್ಲಿ ದನದ ದವಾಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ಅಕ್ಕ ಒಬ್ಬರು ಬಾಳೆತೋಟದ ಪಕ್ಕ, ತಗಡಿನ ಶೆಡ್ಡಿನಲ್ಲಿ ಬೀದಿನಾಯಿಗಳನ್ನು ಸಾಕಿಕೊಂಡಿದ್ದಾರೆ. ಟೆಂಪೊ ಹಾಯ್ದಿತೆಂದೆ, ಯಾರದೆಂದು ಹೇಳಲಿಲ್ಲ. ಡಾಕ್ಟರು ಬಂದು ಕಾಲಿಗೆ ಪಟ್ಟಿ ಹಾಕಿದರು. ವಾರ ಬಿಟ್ಟು ಹೋದಾಗ ಹೊಸ ತೊಂದರೆ ಶುರುವಾಗಿತ್ತು. ಏಳಲಾಗದೆ ಸಿಮೆಂಟಿನ ನೆಲದ ಮೇಲೆ ಒಂದೇ ಮಗ್ಗುಲಾಗಿ ಮಲಗಿ ಮಲಗಿ ತೊಡೆ ಹುಣ್ಣಾಗಿತ್ತು. ಹುಣ್ಣು ಎಲುಬಿಗೆ ಇಳಿದರೆ ನಾಯಿ ಉಳಿಯುವುದಿಲ್ಲ ಎಂದರು ಅಕ್ಕ.

"ನಾಕು ಹಳೇ ಗೋಣಿಚೀಲ ತಂದುಕೊಡ್ರಿ ಸರ್. ಅದರ ಮೈಗೆ ಮೆತ್ತಗ ಏನರ ಬೇಕು. ಬ್ಯಾರೆ ಏನೂ ಬ್ಯಾಡ."

ಗಂಜಿನಲ್ಲಿ ಕಾಲಿಟ್ಟರೆ ಎಡವುವುದೇ ಗೋಣಿಚೀಲಕ್ಕೆ. ನೇರವಾಗಿ ಸಾಹುಕಾರರ ಹತ್ತಿರ ಹೋದೆ. ಅವರು ಖಾಲಿ ಚೀಲಗಳ ರಾಶಿಗೆ ಒರಗಿ ಕೂತು, ಕಣ್ಣು ತುಂಬಿಕೊಂಡು ಎಲ್ಲ ಕೇಳಿದರು.

"ಬರೇ ಚೀಲ ಕೊಟ್ರ ಮಂದಿ ಏನಂತಾರ್ರಿ? ಒಂದು ಕಾರ್ಯಕ್ರಮನೇ ಮಾಡಿಬಿಡೋಣ," ಎಂದರು. ಅಲ್ಲೇ ಪ್ರಾಣಿದಯಾ ಸಮಿತಿ ಹುಟ್ಟಿತು. ಅವರು ಅಧ್ಯಕ್ಷರು, ನಾನು ಕಾರ್ಯದರ್ಶಿ. ನಾನು ಬೇಡ ಎನ್ನಲಿಲ್ಲ.

ಮುಂದಿನ ಭಾನುವಾರ ಶೆಡ್ಡಿನ ಮುಂದೆ ಶಾಮಿಯಾನ ಎದ್ದಿತು. ಫ್ಲೆಕ್ಸಿನಲ್ಲಿ ಕೈಮುಗಿದ ಅಧ್ಯಕ್ಷರು ಆಳೆತ್ತರ. ಮೂಲೆಯಲ್ಲಿ ಒಂದು ನಾಯಿ, ಅದೂ ವಿಲಾಯತಿ ಜಾತಿಯದು, ಮೊಬೈಲಿನಿಂದ ಇಳಿಸಿಕೊಂಡದ್ದು. ಮೈಕು ಕಿರುಚಿದ್ದೇ ತಡ, ಶೆಡ್ಡಿನ ನಾಯಿಗಳೆಲ್ಲ ಬೊಗಳತೊಡಗಿದವು. ಅಧ್ಯಕ್ಷರು ಅದನ್ನು ಸ್ವಾಗತವೆಂದು ತಿಳಿದು ಎರಡು ಸಲ ಕೈಮುಗಿದರು. ಮೂಕಪ್ರಾಣಿಗಳ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದರು. ಆ ಮೂಕಪ್ರಾಣಿಗಳ ಗದ್ದಲದಲ್ಲಿ ಒಂದಕ್ಷರವೂ ಕೇಳಲಿಲ್ಲ. ಆಮೇಲೆ ಶಾಲು: ಡಾಕ್ಟರಿಗೆ, ತೋಟದ ಮಾಲೀಕರಿಗೆ, ಶಾಮಿಯಾನದವನಿಗೆ, ಅಕ್ಕನಿಗೆ, ಕೊನೆಗೆ ನನಗೆ. ಸಾಮಾನು ಹೊತ್ತು ತಂದದ್ದು ಅದೇ ಟೆಂಪೊ. ಅದರೊಳಗೆ ಕುರ್ಚಿ ಇದ್ದವು, ಊಟದ ಪಾತ್ರೆ ಇದ್ದವು, ಗೋಣಿಚೀಲ ಇರಲಿಲ್ಲ. ನೆನಪಿಸಬೇಕಾದವನು ಕಾರ್ಯದರ್ಶಿ. ಅವನು ತನ್ನ ಹೆಗಲು ನೋಡಿಕೊಳ್ಳುತ್ತಿದ್ದ.

ಎಲ್ಲರೂ ಊಟಕ್ಕೆ ಕೂತಾಗ ಶೆಡ್ಡಿನೊಳಗೆ ಹೋದೆ. ಕರಿ ನಾಯಿ ಮೈಕಿಗೆ ಹೆದರಿ ತೆವಳಿಕೊಂಡು ಮೂಲೆ ಸೇರಿತ್ತು. ಕಾಲಿನ ಪಟ್ಟಿ ಸಡಿಲಾಗಿತ್ತು, ಹುಣ್ಣು ನೆಲಕ್ಕೆ ಉಜ್ಜಿ ರಕ್ತ ಬಂದಿತ್ತು. ಆದರೂ ನನ್ನನ್ನು ಕಂಡು ಬಾಲ ಅಲ್ಲಾಡಿಸಿತು. ನನಗೆ ತುಂಬ ನಾಚಿಕೆಯಾಯಿತು. ಹಿಂದೆಯೇ ಬಂದ ಅಕ್ಕ ನನ್ನ ಖಾಲಿ ಕೈ ನೋಡಿದರು. ಚೀಲ ಮುಂದಿನ ವಾರ ತರುತ್ತೇನೆ ಎಂದೆ.

ಅವರು ತಮ್ಮ ಶಾಲು ತೆಗೆದು, ಮಡಚಿ, ನಾಯಿಯ ಕೆಳಗೆ ಹಾಸಿದರು. ಅರ್ಧ ಮೈಗೆ ಸಾಕಾಯಿತು. ಇನ್ನರ್ಧಕ್ಕೆ ನನ್ನ ಹೆಗಲ ಕಡೆ ನೋಡಿದರು. ಅದು ನನ್ನ ಜೀವಮಾನದ ಮೊದಲ ಶಾಲು, ಜರಿ ಅಂಚಿನದು, ಹೆಂಡತಿಗೆ ಇನ್ನೂ ತೋರಿಸಿರಲಿಲ್ಲ. ಹೊರಗೆ ಯಾರೋ ಕರೆಯುತ್ತಿದ್ದಾರೆ ಎಂದು ಹೇಳಿ ಬಂದುಬಿಟ್ಟೆ. ಯಾರೂ ಕರೆದಿರಲಿಲ್ಲ.

ಚೀಲ ಒಯ್ದದ್ದು ಮೂರು ವಾರದ ಮೇಲೆ. ಹುಣ್ಣು ಮಾಯುತ್ತಿತ್ತು, ನಾಯಿ ಬದುಕಿತ್ತು. ಪಟ್ಟಿ ಸಡಿಲಾದ ಕಾಲು ಮಾತ್ರ ಸೊಟ್ಟಗೆ ಕೂಡಿಕೊಂಡು ನೆಲಕ್ಕೆ ತಾಗುತ್ತಿರಲಿಲ್ಲ. ಮೂರು ಕಾಲಿನಲ್ಲಿ ಕುಂಟುತ್ತ ಬಂದು ಚೀಲ ಮೂಸಿ ನೋಡಿತು. ಮತ್ತೆ ಹೋಗಿ ಹೊಲಸಾಗಿದ್ದ ಅಕ್ಕನ ಶಾಲಿನ ಮೇಲೇ ಮಲಗಿತು.

"ಅಲ್ಲೇ ಇಡ್ರಿ ಸರ್," ಎಂದರು ಅಕ್ಕ. "ಇನ್ನೊಂದು ನಾಯಿ ಬರ್ತದ. ಟೆಂಪೊ ಇನ್ನಾ ಓಡಾಡ್ತದಲ್ಲ."

ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ ಎನ್ನುತ್ತಾರೆ. ಇಷ್ಟು ಹೊತ್ತು ಸಾಹುಕಾರರನ್ನು ಆಡಿಕೊಂಡ ನನ್ನ ಶಾಲು ಪ್ಲಾಸ್ಟಿಕ್ ಕವರಿನೊಳಗೆ ಕಪಾಟಿನಲ್ಲಿದೆ. ಅದರ ಮೇಲೆ ಇನ್ನೂ ಯಾರೂ ಮಲಗಿಲ್ಲ.