ಬಾಣಂತಿ ಕೋಣೆಗೆ ಬೆಚ್ಚನೆಯ ಗೋಡೆ

ಪುಷ್ಯ ಮಾಸದ ನಸುಕು. ಕುರುಗೋಡಿನ ಬಂಡೆಗಳಿಂದ ಇಳಿದ ಚಳಿ ಓಣಿಯ ಕಲ್ಲುಹಾಸಿನ ಮೇಲಿಂದ ಇನ್ನೂ ಎದ್ದಿಲ್ಲ. ಚನ್ನವೀರಮ್ಮನವರ ಅಡುಗೆಮನೆಯಲ್ಲಿ ವಿರೂಪಮ್ಮ ಕೌದಿ ಹೊದ್ದು, ತಾವೇ ಕಟ್ಟಿದ ಒಲೆಯ ಮಗ್ಗುಲಲ್ಲಿ ಕೂತು, ಹಿಂದಿನ ಗೋಡೆಗೆ ಅಂಗೈ ಒತ್ತಿದ್ದಾರೆ, ಜ್ವರ ಬಂದವರ ಹಣೆ ಮುಟ್ಟಿ ನೋಡುವ ಹಾಗೆ.

"ಇನ್ನಾ ಬೆಚ್ಚಗೈತಿ ನೋಡ್ರಿ" ಎಂದು ಪಿಸುಗುಡುತ್ತಾರೆ. "ಬೆಳಕು ಹರಿಯೂದ್ರಾಗ ತಣ್ಣಗಾಗತೈತಂತ. ಯಾರು ತಣ್ಣಗ ಮಾಡ್ತಾರ, ಕಣ್ಣಾರೆ ನೋಡೇ ಹೋಗಬೇಕಂತ ಬಂದು ಮಲಗೀನಿ."

ಗೋಡೆಯ ಆಚೆ ಬಾಣಂತಿ ಕೋಣೆ. ಹಚ್ಚೊಳ್ಳಿಗೆ ಕೊಟ್ಟ ಚನ್ನವೀರಮ್ಮನವರ ಮಗಳು ಸುವರ್ಣಮ್ಮ ಹೆರಿಗೆಗೆಂದು ತವರಿಗೆ ಬಂದಿದ್ದಾಳೆ. ಕೂಸು ತಿಂಗಳು ತುಂಬುವ ಮೊದಲೇ ಹುಟ್ಟಿದೆ, ಎರಡು ಅಂಗೈ ಕೂಡಿಸಿದರೆ ಅದರಲ್ಲಿ ಮಲಗುವಷ್ಟು ಸಣ್ಣದು. ಬಳ್ಳಾರಿ ದವಾಖಾನೆಯಿಂದ ಕಳಿಸುವಾಗ ನರ್ಸಮ್ಮ ಒಂದೇ ಮಾತು ಹೇಳಿ ಕಳಿಸಿದ್ದಾರೆ: ಕೂಸಿನ ಮೈ ತಣ್ಣಗಾಗಬಾರದು. ಈ ಮನೆಯಾದರೋ ಕಲ್ಲಿನದು, ಮೇಲೆ ಚಪ್ಪಡಿ. ಅಗ್ಗಿಷ್ಟಿಕೆ ಇಟ್ಟರೆ ಹೊಗೆಗೆ ಕೂಸು ಕೆಮ್ಮುತ್ತದೆ, ತೆಗೆದರೆ ಅದರ ಪಾದ ತಣ್ಣಗಾಗುತ್ತವೆ. ಚಳಿಗಾಲಕ್ಕೆಂದು ಒಟ್ಟಿದ್ದ ಕಟ್ಟಿಗೆ ಸಂಕ್ರಾಂತಿಗೆ ಮೊದಲೇ ಕರಗಿ ಹೋಗಿದೆ. ರೇಷನ್ನಿನ ಸೀಮೆಎಣ್ಣೆ ಬುಡ್ಡಿಗೇ ಸಾಲದು. ಆಗ ಸಿರುಗುಪ್ಪಕ್ಕೆ ಹೇಳಿ ಕಳಿಸಿ ಕರೆಸಿದ್ದು ವಿರೂಪಮ್ಮನವರನ್ನು.

ಬಳ್ಳಾರಿ ಸೀಮೆಯಲ್ಲೂ ಚಳಿಯೇ ಎಂದು ಹೊರಗಿನವರು ನಗುತ್ತಾರೆ. ನಗಲಿ ಪಾಪ, ನಮ್ಮ ಬಿಸಿಲನ್ನಷ್ಟೇ ಕಂಡವರು. ಕಾಲುವೆ ನೀರು ನಿಂತ ದೇಶನೂರಿನ ಗದ್ದೆಗಳ ಪಕ್ಕ ಈ ತಿಂಗಳು ಒಂದು ಬೆಳಗ್ಗೆ ಬಸ್ಸಿಗೆ ಕಾದು ನಿಂತರೆ ಗೊತ್ತಾದೀತು. ಹಲ್ಲು ತಾವಾಗಿಯೇ ಮಾತಾಡತೊಡಗುತ್ತವೆ.

ವಿರೂಪಮ್ಮನವರಿಗೆ ಈ ವಿದ್ಯೆ ಕಲಿಸಿದ್ದು ಅಕ್ಕಿ ಗಿರಣಿಯ ಹಿತ್ತಲು. ಮದುವೆಯಾಗಿ ಸಿರುಗುಪ್ಪಕ್ಕೆ ಬಂದಾಗಿನಿಂದ ಗಿರಣಿಯಲ್ಲಿ ನೆಲ್ಲು ಕೇರುವ ಕೆಲಸ. ಗಂಡ ಉಜ್ಜಿನಪ್ಪ ಅಲ್ಲೇ ಹಮಾಲಿ. ಹಿತ್ತಲಲ್ಲಿ ಹೊಟ್ಟಿನ ಗುಡ್ಡ. ಅದಕ್ಕೆ ಯಾವಾಗಲೋ ಯಾರದೋ ಬೀಡಿಯ ಕಿಡಿ ಬಿದ್ದು, ಉರಿಯೇ ಕಾಣದ ಹಾಗೆ ದಿನಗಟ್ಟಲೆ ಒಳಗೊಳಗೇ ಬೇಯುತ್ತಿತ್ತು.

"ಮ್ಯಾಲೆ ನೋಡಿದ್ರ ಬೂದಿ. ಕೈ ಇಟ್ರ ಮಾತ್ರ ಚುರ್ ಅಂತಿತ್ತು" ಎನ್ನುತ್ತಾರೆ ವಿರೂಪಮ್ಮ. "ಊರಾಗಿನ ಬೆಕ್ಕೆಲ್ಲಾ ಚಳಿಗಾಲಕ್ಕ ಅಲ್ಲೇ ಸಂಸಾರ ಹೂಡಿದ್ವು. ನಾವೂ ಬುತ್ತಿ ಬಿಚ್ಚೂ ಹೊತ್ತಿಗೆ ಗುಡ್ಡದ ಹಿಂದಿನ ಗ್ವಾಡಿಗೆ ಬೆನ್ನು ಕೊಟ್ಟು ಕೂಡ್ತಿದ್ವಿ. ಅಲ್ಲಾ, ಬೆಕ್ಕಿಗೆ ತಿಳಿದದ್ದು ನಮಗ ತಿಳೀಬಾರದೇನು ಅನಿಸ್ತು."

ಮೊದಲ ಒಲೆಯನ್ನು ತಮ್ಮ ಮನೆಯಲ್ಲೇ ಎರೆಮಣ್ಣಿನಲ್ಲಿ ಕಟ್ಟಿದರು. ಒಣಗಿದ ಮೇಲೆ ಅದು ಬೇಸಿಗೆಯ ಹೊಲದ ಹಾಗೆ ಬಿರುಕು ಬಿಟ್ಟು, ಮನೆ ತುಂಬ ಹೊಗೆ. ಉಜ್ಜಿನಪ್ಪ ಒಂದು ವಾರ ಕಟ್ಟೆಯ ಮೇಲೆ ಉಂಡ. ಎರಡನೆಯದು ಕುಸಿಯಿತು. ಕೆಮ್ಮಣ್ಣಿಗೆ ಕತ್ತೆಯ ಲದ್ದಿ, ಬೂದಿ ಕಲಸಿ ತುಳಿದ ಮೇಲೆಯೇ ಮೈ ಗಟ್ಟಿಯಾದದ್ದು. ವಿರೂಪಮ್ಮನವರ ಬಲಗೈಯ ಮೇಲಿನ ಸುಟ್ಟ ಕಲೆ ಆ ದಿನಗಳದ್ದು. "ಆಕಿ ಒಲಿ ಕಲಿಯೂದ್ರಾಗ ನಾ ಅರ್ಧ ಕರ್ರಗಾದೆ" ಎಂದು ಉಜ್ಜಿನಪ್ಪ ಈಗಲೂ ಹೇಳಿಕೊಂಡು ತಿರುಗುತ್ತಾನಂತೆ. "ಮೊದಲೇನು ಹಾಲಿನಂಗ ಇದ್ದಾ ಅಂತ ಕೇಳ್ರಿ" ಎನ್ನುತ್ತಾರೆ ಹೆಂಡತಿ.

ಒಲೆಯ ಗುಟ್ಟು ಸರಳ. ರಾತ್ರಿ ಅಡುಗೆ ಮುಗಿದ ಮೇಲೆ ಒಲೆಯ ಹೊಟ್ಟೆಯಲ್ಲಿ ಒನಕೆ ನಿಲ್ಲಿಸಿ, ಸುತ್ತ ನೆಲ್ಲಿನ ಹೊಟ್ಟನ್ನು ಜಜ್ಜಿ ತುಂಬಬೇಕು. ಒನಕೆ ಎಳೆದರೆ ನಡುವೆ ಗಾಳಿಗೆ ದಾರಿ. ಕೆಳಗೆ ಕಿಡಿ ಇಟ್ಟು, ಮೇಲೆ ಹಳೆಯ ಬೂದಿ ಮುಚ್ಚಿದರೆ ಬೆಳಗಿನ ತನಕ ನಿಧಾನವಾಗಿ ಬೇಯುತ್ತದೆ. ಒಲೆಯ ಬೆನ್ನನ್ನು ಬಾಣಂತಿ ಕೋಣೆಯ ಗೋಡೆಗೆ ಕೂಡಿಸಿ ಕಟ್ಟುವುದರಿಂದ ಕಲ್ಲಿಗೇ ಕಾವು ಹಿಡಿಯುತ್ತದೆ. ಹೊಗೆ ಅಡುಗೆಮನೆಯ ಚಾವಣಿಯ ಗವಾಕ್ಷಿಯಿಂದ ಹೊರಗೆ, ಶಾಖ ಗೋಡೆಯಿಂದ ಒಳಗೆ. ಮೇಲಿಟ್ಟ ಹಂಡೆಯ ನೀರು ಬೆಳಗ್ಗೆ ಬಾಣಂತಿಯ ಸ್ನಾನಕ್ಕೆ. ಅಡುಗೆಗೆ ಬೇಕಾದ ನಾಲ್ಕು ಪುಳ್ಳೆ ಬಿಟ್ಟರೆ ಕಟ್ಟಿಗೆಯ ಮಾತೇ ಇಲ್ಲ. ಚಳಿಯೆಂದು ಗವಾಕ್ಷಿಗೆ ಗಡಿಗೆ ಬೋರಲು ಹಾಕುವವರನ್ನು ಕಂಡರೆ ಮಾತ್ರ ವಿರೂಪಮ್ಮನವರಿಗೆ ಸಿಟ್ಟು. "ಬೆಂಕಿ ಇದ್ದಲ್ಲಿ ಅದರ ಬಾಯಿ ಮುಚ್ಚಬ್ಯಾಡ್ರಿ. ಬೆಚ್ಚಗ ಮಲಗಿದವರು ಏಳಬೇಕೋ ಬ್ಯಾಡೋ?"

ಹೊಟ್ಟು ಸಿರುಗುಪ್ಪದಿಂದ ಬಸ್ಸಿನ ಮೇಲೆ ಬರುತ್ತದೆ. "ಯಮ್ಮಾ, ಮಂದಿ ಅಕ್ಕಿ ಹೇರ್ತಾರ, ನೀ ಹೊಟ್ಟು ಹೇರ್ತಿ" ಎಂದು ಕಂಡಕ್ಟರ್ ಕಾಡುತ್ತಾನೆ. "ಅಕ್ಕಿ ತಿಂದು ನೀ ಮಲಗ್ತಿ, ಹೊಟ್ಟು ತಿಂದು ನನ್ನ ಒಲಿ ಎಚ್ಚರ ಇರತೈತಿ. ಚೀಲ ಮ್ಯಾಲೆ ಒಗಿಯಪ್ಪ" ಎಂದು ಇವರ ಉತ್ತರ.

ಅಂಥ ಒಲೆಯೇ ಈ ಮನೆಯಲ್ಲಿ ಕೈ ಕೊಡುತ್ತಿದೆ. ಕಟ್ಟಿ ಮುಗಿಸಿದ ದಿನ ವಿರೂಪಮ್ಮ ಬಾಣಂತಿಯ ಎದುರು ಮಾತು ಕೊಟ್ಟಿದ್ದರು: "ಬೆಳಗಾಗೂತನ ಗ್ವಾಡಿ ತಣ್ಣಗಾಗಂಗಿಲ್ಲ. ತಣ್ಣಗಾದ್ರ ಒಲಿನ ನಾನೇ ಬಂದು ಒಡಿತೀನಿ." ಆದರೆ ನಸುಕಿನಲ್ಲಿ, ಚಳಿ ಅತಿ ಬಿಗಿಯಾದ ಹೊತ್ತಿಗೇ, ಗೋಡೆ ಆರಿಹೋಗುತ್ತದೆ. ನಿನ್ನೆ ಕೂಸಿನ ತುಟಿ ನೀಲಿಗೆ ತಿರುಗಿತ್ತೆಂದು ಸುವರ್ಣಮ್ಮ ಅತ್ತಿದ್ದಾಳೆ. ಇವತ್ತೂ ಹಾಗಾದರೆ ತಾಯಿ-ಮಗುವನ್ನು ಮತ್ತೆ ದವಾಖಾನೆಗೆ ಒಯ್ಯುವುದೆಂದು ತೀರ್ಮಾನವಾಗಿದೆ. ಅಷ್ಟು ಸಣ್ಣ ಕೂಸನ್ನು ಈ ಚಳಿಯಲ್ಲಿ ಬಸ್ಸಿಗೆ ಹತ್ತಿಸಲು ಯಾರಿಗೂ ಮನಸ್ಸಿಲ್ಲ.

ಕೋಳಿ ಕೂಗುತ್ತದೆ. ಒಳಬಾಗಿಲು ಕಿರ್ ಎನ್ನುತ್ತದೆ. ಚನ್ನವೀರಮ್ಮ ಬರುತ್ತಾರೆ. ಹಣೆಯ ತುಂಬ ವಿಭೂತಿ, ಒಂದು ಕೈಯಲ್ಲಿ ಮೋಟು ಕಸಬರಿಗೆ, ಇನ್ನೊಂದರಲ್ಲಿ ಸಗಣಿ ನೀರಿನ ಗಡಿಗೆ. ಹಂಡೆ ಇಳಿಸುತ್ತಾರೆ. ಕೂತು, ಒಲೆಯ ಹೊಟ್ಟೆಯೊಳಗೆ ಕಸಬರಿಗೆ ಹಾಕಿ ಬೂದಿಯನ್ನು ಬರಬರ ಎಳೆಯುತ್ತಾರೆ.

"ಯಮ್ಮಾ!" ಸುವರ್ಣಮ್ಮನಿಗಷ್ಟೇ ಹೇಳಿ ರಾತ್ರಿ ಬಂದು ಮಲಗಿದ್ದ ವಿರೂಪಮ್ಮ ಕೌದಿಯೊಳಗಿಂದ ಎದ್ದದ್ದು ನೋಡಿ ಚನ್ನವೀರಮ್ಮನವರ ಕೈಯಿಂದ ಕಸಬರಿಗೆ ಜಾರುತ್ತದೆ.

"ಅಯ್ ಶಿವನ! ಏನಬೇ ವಿರೂಪಿ, ಜೀವ ಹಾರಿಸಿದ್ಯಲ್ಲ!"

"ನೀವು ಏನು ಮಾಡಾಕ ಹತ್ತೀರಿ?"

"ಏನು ಮಾಡ್ತಾರ? ಒಲಿ ಸಾರಿಸ್ತೀನಿ. ರಾತ್ರಿ ಉಂಡ ಮುಸುರಿ ಒಲಿ ಮ್ಯಾಲಿನ ನೀರು ಮೈಮ್ಯಾಗ ಹಾಕ್ಕೊಂಡು ಲಿಂಗಪೂಜಿಗೆ ಕೂಡ್ಲೇನು?"

"ಒಲಿ ಯಾಕ ಆರತೈತಿ ಅಂತ ನಾ ಕೇಳಿದಾಗ ಹೇಳಬಾರದೇನ್ರಿ ಯಮ್ಮಾ?"

"ಒಲಿ ಸಾರಿಸೂದೂ ಒಂದು ಹೇಳೂ ಮಾತೇನು? ದಿನಾ ಮುಖ ತೊಳಿತೀನಿ, ಅದನ್ನೂ ಹೇಳಬೇಕಿತ್ತೇನು?"

ಸರಿಯಾದ ಮಾತು. ಈ ಕಡೆಯ ಹೆಣ್ಣುಮಕ್ಕಳು ಎದ್ದೊಡನೆ ಒಲೆಯ ಬೂದಿ ತೆಗೆದು ಸಾರಿಸಿಯೇ ಬೆಂಕಿ ಹಚ್ಚುವವರು. ಗಿರಣಿಯ ಓಣಿಯಲ್ಲಿ ಬೆಳಗಿನ ಪಾಳಿಗೆ ಓಡುವವರ ಮನೆಗಳಲ್ಲಿ ಒಲೆ ಹಾಕಿ ರೂಢಿಯಾದ ವಿರೂಪಮ್ಮನವರಿಗೆ ಇದು ಹೊಳೆಯಲೇ ಇಲ್ಲ. "ತಪ್ಪು ನಂದೂ ಐತಿ ಬಿಡ್ರಿ" ಎನ್ನುತ್ತಾರೆ. "ಈ ಒಲಿಗೆ ಬೂದಿನ ಕೌದಿ. ನಸುಕಿನ್ಯಾಗ ನೀವು ಕೌದಿ ಕಿತ್ತು ತಣ್ಣೀರು ಸುರುವಿದ್ರ ಅದು ತಡಕೊಂತೈತೇನು? ಆ ಚಳಿ ನೆಟ್ಟಗ ಕೂಸಿಗೆ ಹೊಕ್ಕೈತಿ."

ಒಳಗೆ ಕೂಸು ಕುಂಯ್ ಎನ್ನುತ್ತದೆ. ಚನ್ನವೀರಮ್ಮ ಮೊಮ್ಮಗುವಿನ ಕೋಣೆಯ ಕಡೆಗೊಮ್ಮೆ, ಒಲೆಯ ಕಡೆಗೊಮ್ಮೆ ನೋಡುತ್ತಾರೆ. ಇಷ್ಟು ವರ್ಷ ಒಂದು ದಿನವೂ ತಪ್ಪದ ನೇಮ.

"ಅವ್ವಾ, ರಾತ್ರಿ ಹೊಟ್ಟು ತುಂಬೂಕಿಂತ ಮೊದಲ ಸಾರಿಸಿದ್ರ?" ಸುವರ್ಣಮ್ಮ ಕೋಣೆಯಿಂದಲೇ ಕೇಳುತ್ತಾಳೆ.

"ಮತ್ತ ಮುಂಜಾನಿ ಬೂದಿ ಹಂಗೇ ಇರತೈತೆಲ್ಲ?" ಎಂದು ಗೊಣಗಿದ ಚನ್ನವೀರಮ್ಮನವರ ಕೈ ಯಾಕೋ ಹಣೆಗೆ ಹೋಗುತ್ತದೆ. ಅಲ್ಲೇ ನಿಲ್ಲುತ್ತದೆ. ಆಮೇಲೆ ನಗು ತಡೆಯಲಾಗುವುದಿಲ್ಲ. "ಅಲ್ಲಾ, ಬೂದಿ ಹೊಲಸಾದ್ರ ಹಣಿ ಮ್ಯಾಗ ಇಷ್ಟುದ್ದ ಬಳಕೊಂಡೀನೆಲ್ಲ, ಇದೇನಬೇ?"

ತೀರ್ಪು ಅವರದೇ: ರಾತ್ರಿ ಒಲೆಯ ಹೊಟ್ಟೆ ಸಾರಿಸುವುದು, ಹೊಟ್ಟಿಗೆ ಕಿಡಿ ಇಟ್ಟ ಮೇಲೆ ಮುಚ್ಚಲು ಬೂದಿ ಎತ್ತಿಟ್ಟಿರುವುದು, ಬೆಳಗ್ಗೆ ಒಲೆಯ ಬಾಯಿಗಷ್ಟೇ ಮೂರು ಎಳೆ ವಿಭೂತಿ. ಆ ವಿಭೂತಿ ಹಚ್ಚುವುದು ಮಾತ್ರ ತಾವೇ, ಬೇರೆ ಯಾರೂ ಮುಟ್ಟಕೂಡದು. ಕಲಕಿದ ಒಲೆಗೆ ವಿರೂಪಮ್ಮ ಆಗಲೇ ಮತ್ತೆ ಹೊಟ್ಟು ಜಜ್ಜುತ್ತಾರೆ. ಬಸ್ಸಿನ ಮಾತು ಒಂದು ದಿನ ಮುಂದಕ್ಕೆ ಹೋಗುತ್ತದೆ.

ಮರುದಿನದ ನಸುಕು. ಈ ಸಲ ವಿರೂಪಮ್ಮ ಅಡುಗೆಮನೆಯಲ್ಲಿಲ್ಲ, ಬಾಣಂತಿ ಕೋಣೆಯ ಹೊಸ್ತಿಲಲ್ಲಿ ಕೂತಿದ್ದಾರೆ. ಹೊರಗೆ ಬೆಳಕಾಗಿ, ಓಣಿಯಲ್ಲಿ ಹಾಲಿನವನ ಸೈಕಲ್ ಗಂಟೆ ಕೇಳಿ, ಚನ್ನವೀರಮ್ಮ ಪೂಜೆ ಮುಗಿಸಿ ಎದ್ದರೂ ಗೋಡೆ ಬೆಚ್ಚಗೇ ಇದೆ. ಸುವರ್ಣಮ್ಮ ಕೂಸಿನ ತಲೆಗೆ ಕೈ ಹಾಕಿ, ಗಾಬರಿಯಾಗಿ, ಮತ್ತೆ ಮುಟ್ಟಿ ನೋಡುತ್ತಾಳೆ.

"ಅವ್ವಾ, ಬೆವತೈತಿ!" ಎಂದು, ಹುಟ್ಟಿದಂದಿನಿಂದ ಬಿಚ್ಚದಿದ್ದ ತಲೆಯ ಕುಂಚಿಗೆಯ ದಾರ ಬಿಚ್ಚುತ್ತಾಳೆ. ಕೂಸು ಬರಿದಲೆಯಲ್ಲಿ ಆಕಳಿಸಿ, ಮುಷ್ಟಿ ಮೇಲೆತ್ತಿ ಮೈ ಮುರಿಯುತ್ತದೆ. ದವಾಖಾನೆಯ ಹೆಸರನ್ನು ಯಾರೂ ಎತ್ತುವುದಿಲ್ಲ.

ಈ ಒಲೆಗೆ ಪ್ರತಿಯಾಗಿ ಏನು ಬೇಕಮ್ಮಾ ಎಂದರೆ, ಸೆರಗಿನಿಂದ ಮೂಗಿನ ಮಸಿ ಒರೆಸಿಕೊಂಡು ವಿರೂಪಮ್ಮ ಗೋಡೆಯತ್ತ ನೋಡುತ್ತಾರೆ.

"ಈ ಕೂಸು ದೊಡ್ಡಾಕಿ ಆಗ್ಲಿ. ಅವರಮ್ಮ ಆಕಿಗೆ, ನೀ ಹುಟ್ಟಿದ ವರ್ಷ ಎಂಥಾ ಚಳಿ ಇತ್ತು ಗೊತ್ತೇನ ಅಂತ ಹೇಳ್ಲಿ. ಆಗ ಈಕಿ, ಹೌದೇನು, ಚಳಿ ಇತ್ತೇನು ಅಂತ ಕೇಳ್ಬೇಕು. ನನಗ ಅಷ್ಟಾದ್ರ ಸಾಕು."