ಹಡಗಿನಲ್ಲಿ ಬಂದ ಖಾರ

ಇಂದು ಬೆಳಿಗ್ಗೆ ಆದೋನಿಯ ಮಾರುಕಟ್ಟೆಯಲ್ಲಿ ಒಣಮೆಣಸಿನಕಾಯಿಯ ರಾಶಿಯೊಂದನ್ನು ದಾಟುವಾಗ ಬಂದ ಸೀನು ನನ್ನನ್ನು ಕೌತಾಳಂನ ಸೋದರತ್ತೆಯ ಪಡಸಾಲೆಗೆ ಕರೆದೊಯ್ದಿತು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವನಿಗೆ, ಓದುಗರೇ, ನಾಲ್ಕು ಜನ ಕುಳಿತ ಜಾಗವೆಲ್ಲ ವೇದಿಕೆಯಾಗಿಯೇ ಕಾಣುತ್ತದೆ.

ಅತ್ತೆಯ ಮಗ ಬಸವರಾಜ ಗೋವೆಯ ಬಂದರಿನಲ್ಲಿ ಹತ್ತಿಯ ಬೇಲುಗಳನ್ನು ಹಡಗಿಗೇರಿಸುವ ಕೆಲಸದಲ್ಲಿದ್ದ. ಅಲ್ಲಿಯ ಕ್ರೈಸ್ತ ಹುಡುಗಿ ರೋಜಿಯನ್ನು ಮದುವೆಯಾಗಿ, ಅವಳೊಡನೆ ಊರಿಗೆ ಬರುವುದಾಗಿ ಫೋನು ಮಾಡಿದ್ದ.

"ಎಲ್ಲಿಯೋ ಸಮುದ್ರದ ದಂಡಿಯಾಕಿ. ನನ್ನ ಹೊಸ್ತಿಲ ದಾಟಬಾರ್ದು," ಎಂದರು ಅತ್ತೆ.

ನಾನು ಎದ್ದು ನಿಂತೆ. ಕರಿಮೆಣಸನ್ನು ಅರಸಿ ಪೋರ್ಚುಗೀಸರು ಸಮುದ್ರ ಸುತ್ತಿ ಬಂದದ್ದನ್ನು, ಅವರ ಹಿಂದೆಯೇ ಮೆಣಸಿನಕಾಯಿ ನಮ್ಮ ತೀರಕ್ಕೆ ಇಳಿದದ್ದನ್ನು, ಶೇಂಗಾ ಕೂಡ ಪರದೇಶದ ಬೆಳೆಯೆಂಬುದನ್ನು ವಿವರಿಸಿದೆ. ಇವೆಲ್ಲ ನಮ್ಮವಾಗಿರುವಾಗ ಸೊಸೆ ಮಾತ್ರ ಏಕೆ ಹೊರಗಿನವಳು?

ಅತ್ತೆ ಗಮನವಿಟ್ಟು ಕೇಳಿದರು. "ಖರೇನೇನೋ? ಎರಡೂ ಹೊರಗಿನವಾ?"

"ಖರೇ ರೀ, ಅತ್ತಿ."

"ಹಂಗಾದ್ರ ಇವತ್ತಿಂದ ಅವೂ ಬ್ಯಾಡ."

ವಾದವನ್ನು ಗೆದ್ದು ಇಷ್ಟು ಘೋರವಾಗಿ ಸೋತವರನ್ನು ನಾನು ಬೇರೆ ಕಂಡಿಲ್ಲ. ಮೆಣಸಿನಕಾಯಿಯ ಡಬ್ಬಿ ಖಾಲಿಯಾಗಿ, ತೊಳೆಸಿಕೊಂಡು ಬೋರಲಾಯಿತು. ಜೋಳದ ರೊಟ್ಟಿಗೆ ಶೇಂಗಾಹಿಂಡಿ ಇಲ್ಲ; ಮೂರು ಹೊತ್ತೂ ಕರಿಮೆಣಸಿನ ಸಾರು. ಹತ್ತಿ ವ್ಯಾಪಾರಿಯಾದ ಮಾವ ನನ್ನನ್ನು ಕಂಡೊಡನೆ ಕೈಮುಗಿದರು: "ಇಂಕ ಚಾಲಪ್ಪಾ, ಸಾಕು ಮಾಡು! ಇನ್ನೊಂದು ಭಾಷಣ ಮಾಡಿದರ ನೀರೂ ಬಂದ್ ಮಾಡ್ತಾಳ ಆಕಿ."

ಬಸವರಾಜ ಬಂದೇಬಿಟ್ಟ. "ಅವ್ವ ಕರೆದರ ಒಳಗ, ಇಲ್ಲಂದ್ರ ಹಿಂಗ ವಾಪಸ್," ಎಂದು ಹೆಂಡತಿಯೊಡನೆ ಮೆಟ್ಟಿಲ ಕೆಳಗೇ ನಿಂತ. ಅತ್ತೆ ಬಾಗಿಲಲ್ಲಿ ಕಂಬದಂತೆ ನಿಂತಿದ್ದರು. ಅಷ್ಟರಲ್ಲಿ ಓಣಿಯೆಲ್ಲ ನೆರೆದು ರೋಜಿಯನ್ನು ಅಡಿಯಿಂದ ಮುಡಿಯವರೆಗೆ ಅಳೆಯತೊಡಗಿತು. ಹುಡುಗಿ ತಲೆತಗ್ಗಿಸಿದಳು. ಅತ್ತೆಯ ಮುಖ ಕೆಂಪೇರಿತು.

"ಹೆಂಗ ನುಂಗೋ ಹಂಗ ನೋಡ್ತಾರ ನೋಡು! ಲೇ, ಮಗ್ಗಲ ಮನಿಯಿಂದ ನಾಕು ಒಣಮೆಣಸಿನಕಾಯಿ ತಗೊಂಡು ಬಾ. ದಿಷ್ಟಿ ತೆಗೀಬೇಕು."

"ಅತ್ತಿ, ಅದು ಹೊರಗಿನ..."

"ನಿನ್ನ ಹಡಗು ಆಮ್ಯಾಲ ನಡಸು. ಈಗ ಓಡು!"

ಓಡಿದೆ. ಅತ್ತೆ ಉಪ್ಪು, ಮೆಣಸಿನಕಾಯಿಗಳನ್ನು ರೋಜಿಗೆ ನಿವಾಳಿಸಿ ಕೆಂಡಕ್ಕೆ ಹಾಕಿದರು. ದಿಷ್ಟಿ ತಾಗಿದ್ದರೆ ಘಾಟು ಏಳುವುದಿಲ್ಲವೆಂಬುದು ನಮ್ಮ ಕಡೆಯ ನಂಬಿಕೆ. ಓಣಿಯೆಲ್ಲ ಕೆಮ್ಮುತ್ತಿದ್ದರೂ ಅತ್ತೆ, ಕಣ್ಣೀರು ಸುರಿಸುತ್ತಲೇ, "ಚೂರೂ ಘಾಟಿಲ್ಲ! ಎಂಥಾ ಕೆಟ್ಟ ಕಣ್ಣು ಬಿದ್ದೈತಿ ನನ್ನ ಕೂಸಿಗೆ," ಎನ್ನುತ್ತ ಅವಳ ಕೈಹಿಡಿದು ಒಳಗೆ ನಡೆದರು.

ನಾನು ಈಗಲೂ ಭಾಷಣ ಮಾಡುತ್ತೇನೆ. ಆದರೆ ಯಾರ ಪರವಾಗಿ ಮಾತಾಡುತ್ತೇನೋ ಅವರನ್ನು ಮೊದಲು ಎಲ್ಲರೆದುರು ಕರೆತಂದು ನಿಲ್ಲಿಸುತ್ತೇನೆ. ಎಷ್ಟೋ ಸಲ ಮಾತಿನ ಅಗತ್ಯವೇ ಬೀಳುವುದಿಲ್ಲ.