ಮತಿಲ್ದೆ ಕೆಟಲ್ ಮುಟ್ಟದ ದಿನ

ಕಚೇರಿಗಳಲ್ಲಿ ಹೆಂಗಸರು ಯಾಕೆ ಮೇಲೇರುವುದಿಲ್ಲ ಎಂಬ ವಿಷಯದಲ್ಲಿ ಇಡೀ ರೊಸಾರಿಯೊ ಊರಲ್ಲಿ ನಮ್ಮ ಮತಿಲ್ದೆ ಬ್ರುಸ್ಸೋನೆಯಷ್ಟು ತಿಳಿದವರು ಯಾರೂ ಇರಲಿಲ್ಲ. ಬ್ಯಾಂಕು, ಆಸ್ಪತ್ರೆ, ಬಿಸ್ಕತ್ತು ಕಾರ್ಖಾನೆ ಎಲ್ಲ ಸುತ್ತಿ, ಸಭೆಗಳ ಮೂಲೆಯಲ್ಲಿ ಕೂತು ನೋಡಿ ಬಂದವಳು. ಅವಳು ಕಂಡುಕೊಂಡದ್ದು ಇಷ್ಟು: ಚಾಕರಿಯ ಕೆಲಸವನ್ನು ಗಂಡಸು ಒಮ್ಮೆ ಕೆಡಿಸುತ್ತಾನೆ, ನೋಡಲಾರದೆ ಹೆಂಗಸು "ಕೊಡಿ ಇಲ್ಲಿ" ಎಂದು ಕಿತ್ತುಕೊಳ್ಳುತ್ತಾಳೆ, ಆಮೇಲೆ ಜೀವಮಾನವಿಡೀ ಅದು ಅವಳದೇ. ಇದನ್ನು ಹೇಳಿಸಲು ಅವಳನ್ನು ಪರದೇಶಗಳಿಗೂ ಕರೆಸಿಕೊಳ್ಳುತ್ತಿದ್ದರು.

ಇಂಥ ಮಹಾತಾಯಿ ನಮ್ಮ ಮನಶ್ಶಾಸ್ತ್ರ ವಿಭಾಗದ ಪ್ರತಿ ಸಭೆಯಲ್ಲೂ ಮಾಟೆ ಎಂಬ ಎಲೆಪುಡಿಯ ಕಷಾಯ ಹುಯ್ಯುತ್ತಿದ್ದಳು. ಒಂದೇ ಸೋರೆಬುರುಡೆ, ಒಂದೇ ಲೋಹದ ಕೊಳವೆ. ಎಲ್ಲರೂ ಸರದಿಯಂತೆ ಹೀರುವುದು, ಒಬ್ಬರು ಮಾತ್ರ ಬಿಸಿನೀರು ಹುಯ್ದು ಹುಯ್ದು ಕೊಡುವುದು. ನೀರು ಆರುವ ಹೊತ್ತಿಗೇ ಸಭೆಯ ಮುಖ್ಯ ಮಾತು ಬರುತ್ತಿತ್ತು. ಒಮ್ಮೆ ಹೀಗೇ ಅವಳು ನೀರು ಕಾಯಿಸಿ ತರುವಷ್ಟರಲ್ಲಿ ಉಪಮುಖ್ಯಸ್ಥನ ಹುದ್ದೆ ಅವಳ ಶಿಷ್ಯ ಗೊದೋಯ್ ಪಾಲಾಗಿತ್ತು. ಅವನಿಗೆ ಮೊದಲ ಮಾಟೆ ಕೊಟ್ಟು ಶುಭ ಹಾರೈಸಿದವಳೂ ಅವಳೇ. ನನಗೆ ಮೈ ಉರಿದುಹೋಗಿತ್ತು.

ಮುಖ್ಯಸ್ಥ ಓರ್ಲಾಂದಿ ನಿವೃತ್ತರಾಗುವ ವಾರ ನಾನು ಅವಳನ್ನು ಹಿಡಿದು ಕೂರಿಸಿದೆ.

"ಆ ಕುರ್ಚಿ ನಿನಗೆ ಬೇಕೋ ಬೇಡ್ವೋ?"

"ಬೇಕು ಕಣೆ. ರಾತ್ರಿ ನಿದ್ದೆ ಬರದಷ್ಟು ಬೇಕು."

"ಹಾಗಾದ್ರೆ ನಾಳೆ ಕೆಟಲ್ ಮುಟ್ಬೇಡ."

"ಅಯ್ಯೋ, ಅದು ಬೇರೆ ವಿಷ್ಯ. ಅವರಿಗೆ ಮಾಟೆ ಮಾಡೋಕೆ ಬರಲ್ವಲ್ಲೇ!"

"ಬಿಸ್ಕತ್ತು ಕಾರ್ಖಾನೆಯವಳೂ ನಿನ್ ಹತ್ರ ಇದನ್ನೇ ಅಂದಿದ್ಲು, ಅಲ್ವಾ?"

ಬಾಯಲ್ಲಿದ್ದ ಬನ್ನನ್ನು ಅವಳು ಅಗಿಯುವುದು ನಿಲ್ಲಿಸಿದಳು.

ಮರುದಿನ ಮತಿಲ್ದೆ ಸಭೆಗೆ ಬಂದವಳೇ ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿ ಕೂತಳು. ಎಲ್ಲರೂ ಖಾಲಿ ಬುರುಡೆಯನ್ನು ನೋಡಿದರು, ಆಮೇಲೆ ಅವಳನ್ನು ನೋಡಿದರು.

"ಮತಿಲ್ದೆ, ನೀರು ಆರ್ತಾ ಇದೆ ಅನ್ಸುತ್ತೆ," ಎಂದ ಗೊದೋಯ್.

"ಹೌದು, ಆರ್ತಾ ಇದೆ," ಎಂದಳು. ಜಪ್ಪಯ್ಯ ಅಂದರೂ ಏಳಲಿಲ್ಲ.

ಕೊನೆಗೆ ಗೊದೋಯ್ ತಾನೇ ಎದ್ದು ನೀರು ಕಾಯಿಸಿ ತಂದ. ಕೊತಕೊತ ಕುದಿಯುವ ನೀರನ್ನೇ ಸುರಿದು ಎಲೆಪುಡಿ ಸುಟ್ಟ. ಸಾಲದೆಂದು ಕೊಳವೆ ಹಿಡಿದು ಗರಗರ ತಿರುವಿದ. ಮಾಟೆಯ ಕೊಳವೆ ಅಲ್ಲಾಡಿಸುವವನಿಗೆ ನಮ್ಮೂರಲ್ಲಿ ಯಾರೂ ಹೆಣ್ಣು ಕೊಡುವುದಿಲ್ಲ. ಕೊಳವೆ ಕಟ್ಟಿಕೊಂಡಿತು. ತೊಡೆಯ ಕೆಳಗಿಂದ ಮತಿಲ್ದೆಯ ಬಲಗೈ ಮೆಲ್ಲಗೆ ಹೊರಬಂತು. ನಾನು ಅವಳ ಕಾಲು ತುಳಿದೆ.

"ನನ್ನ ಜಾಗ ಯಾರು ವಹಿಸ್ಕೋತೀರಪ್ಪ?" ಎಂದರು ಓರ್ಲಾಂದಿ.

ಎಲ್ಲರ ಕಣ್ಣೂ ಗೊದೋಯ್ ಮೇಲೆ. ಅವನೋ ಕೆನ್ನೆ ಗುಳಿ ಬೀಳುವಂತೆ ಕೊಳವೆ ಹೀರುತ್ತ, ಒಂದು ನಿಮಿಷ ಎಂದು ಬೆರಳೆತ್ತಿದ.

"ನಾನು," ಎಂದಳು ಮತಿಲ್ದೆ. "ನನಗೆ ಬೇಕು. ಬಹಳ ವರ್ಷದಿಂದ ಬೇಕಾಗಿತ್ತು."

"ಹೇಳಬಾರದಿತ್ತೇನಮ್ಮ? ನಿನಗೆ ಆಸೆ ಇಲ್ಲ ಅಂದ್ಕೊಂಡಿದ್ವಿ. ಕೇಳೋಣ ಅಂದಾಗೆಲ್ಲ ನೀನು ಒಳಗೆ ನೀರು ಕಾಯಿಸ್ತಿದ್ದೆ!"

ಯಾರೂ ಬೇಡವೆನ್ನಲಿಲ್ಲ. ಅಷ್ಟು ಸುಲಭವಿತ್ತು ಎಂಬುದಕ್ಕೇ ನನಗೆ ಅಳು ಬಂತು.

ಅಷ್ಟರಲ್ಲಿ ಗೊದೋಯ್ ಕೊಳವೆ ಊದಿ ಬಿಡಿಸಿ, ಹೊಸದಾಗಿ ನೀರು ಹುಯ್ದು, ಬುರುಡೆ ಒಂದು ಕೈಯಲ್ಲಿ, ಕೆಟಲ್ ಇನ್ನೊಂದು ಕೈಯಲ್ಲಿ ಹಿಡಿದು ಅವಳ ಮುಂದೆ ನಿಂತ.

"ಅಭಿನಂದನೆ, ಮತಿಲ್ದೆ. ನನ್ನ ಕೈಗುಣ ನೋಡಿದ್ರಲ್ಲ, ಪೂರ್ತಿ ಕೆಟ್ಟೋಯ್ತು. ಇನ್ಮುಂದೆ ನೀವೇ..."

ಓರ್ಲಾಂದಿಯೂ ಸೇರಿ ಎಲ್ಲರ ಮುಖದಲ್ಲೂ ಆಸೆ ಚಿಗುರಿತು. ಅವಳು ಬುರುಡೆಯನ್ನಷ್ಟೇ ತೆಗೆದುಕೊಂಡಳು. ತಳದಲ್ಲಿ ಸೊರಸೊರ ಸದ್ದಾಗುವವರೆಗೂ ಹೀರಿದಳು. ಆಮೇಲೆ ಅದೇ ಮಾಟೆ ನನಗೂ ಬಂತು. ಸುಟ್ಟ ಗೋಣಿಚೀಲದ ರುಚಿ. ಅವಳ ಮುಖದ ಒಂದು ಗೆರೆಯೂ ಅಲುಗಿರಲಿಲ್ಲ.

"ಬಹಳ ಚೆನ್ನಾಗಿದೆ, ಗೊದೋಯ್," ಎಂದಳು. "ಇನ್ಮೇಲೆ ದಿನಾ ನೀವೇ ಮಾಡಿ."